ದಂತೋಷ್ಠ್ಯ

ಮೂವತ್ತು ಹಲ್ಲು. ಹುಳುಕು ಎರಡಕ್ಕೆ ಮಾತ್ರ.
ಆದರೂ ಎಲ್ಲ ಕೀಳಿಸಿಬಿಡೋಣ ಅಂದ ಅಪ್ಪ,
ಮದುವೆಗೆ ಇದಕ್ಕಿಂತ ಒಳ್ಳೆ ಉಡುಗೊರೆ ಏನಿದೆ,
ಗಂಡನಿಗೆ ಮುಂದೆ ಖರ್ಚಿಲ್ಲ, ನಿನಗೆ ನೋವಿಲ್ಲ.
ಡಂಡಿ ಊರಿಗೆ ಆಗ ಅದೇನು ಹೊಸದಲ್ಲ.
ಅಕ್ಕ ಇಸೊಬೆಲ್ ಅಳುತ್ತ ಹೋಗಿದ್ದಳು,
ಬಾಯಿಗೆ ಕರವಸ್ತ್ರ ಒತ್ತಿ ಟ್ರಾಮಿನಲ್ಲಿ ಬಂದಿದ್ದಳು.

ಹಿಂದಿನ ರಾತ್ರಿ ಎಫಿ ಒಂದು ಸೇಬು ತಂದಳು.
ಹೊರಮೆಟ್ಟಿಲ ಮೇಲೆ ಕತ್ತಲಲ್ಲಿ ಕೂತು
ಬೀಜವನ್ನೂ ಬಿಡದೆ ತಿಂದಳು.
ಸದ್ದಿಗೆ ಕೆಳಮನೆಯ ನಾಯಿ ಕಿವಿ ನಿಮಿರಿಸಿತು.

ವೈದ್ಯರ ಕೋಣೆ ಮೀನಂಗಡಿಯ ಮೇಲೆ.
ರಬ್ಬರು ನಾತದ ಮುಖವಾಡ, ಗ್ಯಾಸು.
ಎಣಿಸು ಅಂದರು.
ಸೆವೆನ್ ಅಂದದ್ದು ನೆನಪಿದೆ.
ಸ್ವಂತ ಹಲ್ಲಿನಲ್ಲಿ ಆಡಿದ ಕೊನೆಯ ಮಾತು ಅದು.
ಎದ್ದಾಗ ಬಟ್ಟಲಲ್ಲಿ ಬಿದ್ದಿದ್ದವು.
ಹಲ್ಲಿಗೆ ಅಷ್ಟುದ್ದ ಬೇರಿರುತ್ತದೆಂದು
ಅವಳಿಗೆ ಗೊತ್ತೇ ಇರಲಿಲ್ಲ.

ವಸಡು ಮಾಯಲು ಮೂರು ತಿಂಗಳು.
ಓಟ್ಸ್ ಗಂಜಿ. ಹಾಲಲ್ಲಿ ನೆನೆಸಿದ ಬ್ರೆಡ್ಡು.
ಸೋಮವಾರ ಗಿರಣಿಗೆ.

ಸೆಣಬಿನ ಗಿರಣಿ. ಇನ್ನೂರು ಮಗ್ಗ ಒಟ್ಟಿಗೆ ಬಡಿಯುವಾಗ
ಬಾಯಿ ಇದ್ದವರೂ ಮೂಗರೇ.
ಅಲ್ಲಿ ಹೆಂಗಸರು ತುಟಿ ನೋಡಿಯೇ ಮಾತು ಕೇಳುವರು:
ಯಾರಿಗೆ ತಿಂಗಳು ತಪ್ಪಿದೆ, ಯಾರ ಮನೆಯಲ್ಲಿ ಬಾಡಿಗೆ ಬಾಕಿ,
ಮೇಸ್ತ್ರಿ ಇವತ್ತು ಕುಡಿದಿದ್ದಾನೆ, ಜೋಕೆ.
ಎಲ್ಲವೂ ಮಗ್ಗದಿಂದ ಮಗ್ಗಕ್ಕೆ, ಸೊಲ್ಲಿಲ್ಲದೆ.

ಎಫಿ ಏನೋ ಅಂದಳು.
ಮಗ್ಗದಾಚೆ ನೆಟ್ಟಾ ಹುಬ್ಬು ಗಂಟಿಕ್ಕಿ
ಕಿವಿಗೆ ಕೈ ಹಚ್ಚಿದಳು.
ಅಲ್ಲಿ ಕಿವಿ ಇಟ್ಟುಕೊಂಡು ಮಾಡುವುದೇನು!
ಹದಿಮೂರನೇ ವಯಸ್ಸಿಂದ ಓದಿ ಬಂದ ತುಟಿ
ಒಳಗೆ ಮಡಿಚಿಕೊಂಡಿತ್ತು.

ನಮ್ಮ ಹಳೆಯ ವ್ಯಾಕರಣದ ಪ್ರಕಾರ ವಕಾರ ದಂತೋಷ್ಠ್ಯ.
ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು,
ಕಚ್ಚಬಾರದು,
ಆಗಲೇ ಅದು ಹುಟ್ಟುವುದು.
ಡಂಡಿಯ ಎಫಿಗೆ ಇದನ್ನು ಯಾರು ಕಲಿಸಿದ್ದರು?
ಕನ್ನಡಿ ಮುಂದೆ ತಾನೇ ಕಂಡುಕೊಂಡಳು.
ಗ್ಯಾವಿನ್ ಎನ್ನಲು ಹೋದರೆ
ಗ್ಯಾ, ಆಮೇಲೆ ಬರೀ ಗಾಳಿ, ಆಮೇಲೆ ಇನ್.
ತನ್ನ ಹೆಸರಿನ ಪಾಡೂ ಅದೇ.
ಕರೆಯೋಲೆಯಲ್ಲಿ ಅಚ್ಚಾದ ಎರಡೂ ಹೆಸರು
ನಡುವೆ ಕಿತ್ತುಹೋಗಿದ್ದವು.

ಜೂನ್‌ನಲ್ಲಿ ಬಂತು ಕಟ್ಟು.
ಕೆಂಗಂದು ರಬ್ಬರಿನ ವಸಡು, ಪಿಂಗಾಣಿ ಹಲ್ಲು,
ಒಂದೂ ಸೊಟ್ಟಗಿಲ್ಲ, ಅದೇ ಅದರ ದೋಷ.
ಬಾಯಿ ತುಂಬ ಬೇರೆಯವರ ಪಾತ್ರೆ.
ವಿನೆಗರ್, ಫೆಬ್ರವರಿ, ಫೋರ್, ಫೈವ್
ಎಂದು ವಾರವಿಡೀ ಪಾಠ ಒಪ್ಪಿಸಿದಳು.
ಚಹಾ ಕುಡಿವಾಗ ಟಿಕ್ ಅನ್ನುತ್ತಿತ್ತು.
ನೆಟ್ಟಾ ಮಾತ್ರ ಮಗ್ಗದಾಚೆಯಿಂದ ಓದಿ ನಕ್ಕಳು,
ಓದಿದ್ದು ಏನೆಂದು ಇಬ್ಬರೂ ಯಾರಿಗೂ ಹೇಳಲಿಲ್ಲ.

ಆಮೇಲೆ ಮದುವೆ. ನಲವತ್ತೊಂದು ವರ್ಷ.
ಸೇಬನ್ನು ಚಾಕುವಿನಲ್ಲಿ ಹಾಳೆಯಷ್ಟು ತೆಳ್ಳಗೆ ಸೀಳಿ.
ದೀಪ ಆರಿದ ಮೇಲೆ ಲೋಟ, ಗೋಡೆಗೆ ಮುಖ.
ದೀಪ ಹಚ್ಚುವ ಮೊದಲು ಹಲ್ಲು.
ಗ್ಯಾವಿನ್ ಕೇಳಲಿಲ್ಲ; ಗಿರಣಿ ಅವನ ಕಿವಿಯನ್ನು
ಯಾವತ್ತೋ ತಿಂದಿತ್ತು.

ನವೆಂಬರಿನ ಒಂದು ನಸುಕಲ್ಲಿ
ಅವನು ಎದೆ ಹಿಡಿದುಕೊಂಡು ಕುಸಿದ.
ಆಂಬುಲೆನ್ಸಿನ ಹಿಂದೆಯೇ ಹತ್ತಿದಳು,
ಮೈಮೇಲೆ ಅವನದೇ ಕೋಟು, ಕಾಲಿಗೆ ಚಪ್ಪಲಿಯಿಲ್ಲ,
ಲೋಟ ಕಿಟಕಿಯಲ್ಲೇ.
ಬಿಳಿ ದೀಪದಡಿ ಬಗ್ಗಿ ಕೂಗಿದಳು:
ಗ್ಯಾ. ಗಾಳಿ. ಇನ್.

ಅವನು ಆ ಬಾಯನ್ನು ನೋಡಿದ.
ಗುರುತಿಲ್ಲದ ಅಕ್ಷರದ ಕಾಗದ ಓದುವವರ ಹಾಗೆ
ಮೊದಲಿಂದ ಕೊನೆಗೆ, ಮತ್ತೆ ಮೊದಲಿಂದ.
ಅವನಿಗೆ ಆ ಉಡುಗೊರೆ ಯಾರೂ ಕೊಟ್ಟಿರಲಿಲ್ಲ.
ಹೊಗೆಸೊಪ್ಪಿನ ಬಣ್ಣದ ನಾಲ್ಕು ಉಳಿದಿದ್ದವು,
ಮೇಲೆ ಎರಡು.
ಆ ಎರಡನ್ನು ಕೆಳತುಟಿಗೆ ತಾಗಿಸಿ,
ನಿಧಾನವಾಗಿ, ಅವಳಿಗೆ ತೋರಿಸಿಕೊಡುವಂತೆ ಅಂದ:
ಎಫಿ.